ರೂಟ್ 66ರಲ್ಲಿ ಹದಿನಾರು ದಿನ: ಬಾಡಿಗೆ ಕಾರು, ಹಳೆಯ ಮೋಟೆಲು ಮತ್ತು ನಮ್ಮ ಲೆಕ್ಕದ ಪುಸ್ತಕ

ಅಮೆರಿಕದ ಷಿಕಾಗೊದಿಂದ ಕ್ಯಾಲಿಫೋರ್ನಿಯಾದ ಸ್ಯಾಂಟಾ ಮೋನಿಕಾವರೆಗೆ ಹಳೆಯ ರೂಟ್ 66 ಹೆದ್ದಾರಿಯಲ್ಲಿ ಕಾರು ಓಡಿಸಿಕೊಂಡು ಹೋಗಲು ನಾವು ಹಾಕಿಕೊಂಡಿದ್ದ ಅಂದಾಜು, ವಿಮಾನದ ಟಿಕೆಟ್ ಬಿಟ್ಟು, 4,960 ಡಾಲರ್. ಪ್ರವಾಸ ಮುಗಿದು ಎಲ್ಲ ಬಿಲ್ಲುಗಳೂ ಕೈಸೇರಿದ ಮೇಲೆ ಲೆಕ್ಕ ನಿಂತದ್ದು 5,888 ಡಾಲರಿಗೆ. ಮೀರಿದ 928 ಡಾಲರಿನಲ್ಲಿ 703 ಬಾಡಿಗೆ ಕಾರಿನ ಪಾಲಾದರೆ, 225 ಕೊಠಡಿಗಳ ಮೇಲಿನ ತೆರಿಗೆಯ ಪಾಲಾಯಿತು. ಊಟ, ಪೆಟ್ರೋಲ್ ಮತ್ತು ಪ್ರವೇಶ ಶುಲ್ಕಗಳಲ್ಲಿ ಒಂದರ ಉಳಿತಾಯ ಇನ್ನೊಂದರ ಹೆಚ್ಚಳಕ್ಕೆ ಸರಿಹೋಯಿತು. ನಾನು, ನನ್ನ ಪತಿ ಮತ್ತು ಹನ್ನೆರಡು ವರ್ಷದ ಮಗಳು ಮಾಡಿದ ಈ ಪ್ರಯಾಣದಲ್ಲಿ ನಾವು ಹಣ ಕೊಟ್ಟು ಪಡೆದ ಸೇವೆಗಳು ಹೇಗಿದ್ದವು, ಯಾವುದಕ್ಕೆ ಕೊಟ್ಟ ಹಣ ಸಾರ್ಥಕವಾಯಿತು, ಯಾವುದಕ್ಕೆ ಕೊಟ್ಟದ್ದು ದಂಡವಾಯಿತು ಎಂಬುದನ್ನು ಬಿಡಿಸಿ ಬರೆಯುತ್ತಿದ್ದೇನೆ. ಈ ಹೆದ್ದಾರಿಗೆ 2026ರಲ್ಲಿ ನೂರು ವರ್ಷ ತುಂಬುವುದರಿಂದ ಇದೇ ದಾರಿ ಹಿಡಿಯುವ ಕನ್ನಡಿಗರು ಇನ್ನೂ ಅನೇಕರಿರುತ್ತಾರೆ ಎಂಬ ನಂಬಿಕೆ ನನ್ನದು.

ಲೆಕ್ಕಕ್ಕೆ ಬೇಕಾಗುವಷ್ಟು ಹಿನ್ನೆಲೆಯನ್ನು ಮೊದಲು ಹೇಳಿಬಿಡುತ್ತೇನೆ. ರೂಟ್ 66 ಅಧಿಕೃತವಾಗಿ ಹುಟ್ಟಿದ್ದು 1926ರ ನವೆಂಬರ್ 11ರಂದು, ರಾಷ್ಟ್ರೀಯ ಹೆದ್ದಾರಿಗಳ ಪಟ್ಟಿಯಿಂದ ಬಿಟ್ಟುಹೋದದ್ದು 1985ರ ಜೂನ್ 27ರಂದು. ಪೂರ್ಣ ಉದ್ದ 2,448 ಮೈಲಿ, ಅಂದರೆ ಸುಮಾರು 3,940 ಕಿಲೋಮೀಟರ್. ಇಲಿನಾಯ್, ಮಿಸ್ಸೂರಿ, ಕ್ಯಾನ್ಸಸ್, ಒಕ್ಲಹೋಮಾ, ಟೆಕ್ಸಸ್, ನ್ಯೂ ಮೆಕ್ಸಿಕೊ, ಅರಿಜೋನಾ, ಕ್ಯಾಲಿಫೋರ್ನಿಯಾ ಎಂಬ ಎಂಟು ರಾಜ್ಯಗಳನ್ನು ಹಾಯುವ ಈ ರಸ್ತೆ ಕ್ಯಾನ್ಸಸ್‌ನಲ್ಲಿ ಓಡುವುದು ಕೇವಲ 13 ಮೈಲಿ. ಇಂದು ಇದು ಒಂದೇ ರಸ್ತೆಯಾಗಿ ಉಳಿದಿಲ್ಲ. ಕೆಲವೆಡೆ ಹೊಸ ಅಂತರರಾಜ್ಯ ಹೆದ್ದಾರಿಯ ಪಕ್ಕದ ಸೇವಾ ರಸ್ತೆಯಾಗಿ, ಕೆಲವೆಡೆ ಊರಿನ ಮುಖ್ಯ ಬೀದಿಯಾಗಿ, ಮತ್ತೆ ಕೆಲವೆಡೆ ಹುಲ್ಲು ಹಬ್ಬಿದ ಕಾಂಕ್ರೀಟಿನ ತುಂಡಾಗಿ ಹರಿದು ಹಂಚಿಹೋಗಿದೆ. ಹಾಗಾಗಿ ದಾರಿ ತಪ್ಪುವುದು, ಹಿಂದಿರುಗುವುದು, ಪಕ್ಕದ ಊರಿಗೆ ಹೋಗಿಬರುವುದು ಎಲ್ಲವೂ ಸೇರಿ ನಾವು ಓಡಿಸಿದ ದೂರ 3,100 ಮೈಲಿಯ ಹತ್ತಿರ ಬಂತು. ಅಂದಾಜು ಮಾಡುವವರು 2,448ನ್ನು ನೆಚ್ಚಿಕೊಳ್ಳದೆ ಅದಕ್ಕೆ ಕಾಲುಭಾಗ ಸೇರಿಸಿಕೊಳ್ಳುವುದು ಕ್ಷೇಮ.

ಈಗ ಬಾಡಿಗೆ ಕಾರಿನ ಮಾತು. ನಮ್ಮ ಅಂದಾಜು ಮುಗ್ಗರಿಸಿದ್ದು ಇಲ್ಲಿಯೇ ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕಂಪನಿಯ ಹೆಸರನ್ನು ಹೇಳುವುದಿಲ್ಲ, ಏಕೆಂದರೆ ನಾನು ಓದಿ ನೋಡಿದ ಬೇರೆ ಕಂಪನಿಗಳ ಕರಾರುಗಳಲ್ಲೂ ಇಂಥವೇ ಷರತ್ತುಗಳಿದ್ದವು. ದಿನಕ್ಕೆ 45 ಡಾಲರಿನಂತೆ ಹದಿನಾರು ದಿನಕ್ಕೆ 720, ಒಂದೂರಿನಲ್ಲಿ ಪಡೆದು ಇನ್ನೊಂದೂರಿನಲ್ಲಿ ಬಿಡುವುದಕ್ಕೆ 500, ಒಟ್ಟು 1,220 ಡಾಲರ್ ಎಂದು ನಾವು ಬರೆದುಕೊಂಡಿದ್ದೆವು. ಕೌಂಟರಿನಲ್ಲಿ ಸಹಿ ಹಾಕುವ ಹೊತ್ತಿಗೆ ವಿಮೆಗೆ 448, ತೆರಿಗೆ ಮತ್ತು ಬಗೆಬಗೆಯ ಸ್ಥಳೀಯ ಶುಲ್ಕಗಳಿಗೆ 210 ಸೇರಿ ಮೊತ್ತ 1,878 ಆಯಿತು. ವಿಮೆಯ ವಿಷಯದಲ್ಲಿ ಕಂಪನಿಯನ್ನು ದೂರುವಂತಿಲ್ಲ. ಹೊರದೇಶದಿಂದ ಬಂದವರಿಗೆ ಅಲ್ಲಿ ಸ್ವಂತ ಕಾರಿನ ವಿಮೆ ಇರುವುದಿಲ್ಲ. ಕಾರಿಗೆ ಆಗುವ ಹಾನಿಗೊಂದು, ಎದುರಿನವರಿಗೆ ಆಗುವ ಹಾನಿಗೊಂದು ಎಂದು ಎರಡು ಬಗೆಯ ರಕ್ಷಣೆ ಬೇಕಾಗುತ್ತದೆ. ಎರಡನೆಯದನ್ನು ಹಣ ಉಳಿಸಲೆಂದು ಬಿಟ್ಟರೆ ಒಂದು ಅಪಘಾತ ಮನೆಮಠ ಕಳೆಯುವಷ್ಟು ಭಾರವಾಗಬಹುದು. ನಾವು ಮಾಡಿದ ತಪ್ಪೆಂದರೆ ಈ ಎರಡನ್ನೂ ಅಂದಾಜಿನಲ್ಲಿ ಬರೆಯದೆ ಮೊದಲ ಪುಟದಲ್ಲಿ ಕಂಡ ದಿನಬಾಡಿಗೆಯನ್ನೇ ನಿಜವಾದ ಬೆಲೆಯೆಂದು ನಂಬಿದ್ದು. ವಿಮೆಯನ್ನೂ ಸೇರಿಸಿಕೊಂಡ ದರಗಳು ಹೊರದೇಶದ ಗ್ರಾಹಕರಿಗೆಂದೇ ಮುಂಗಡ ಕಾಯ್ದಿರಿಸುವಾಗ ಸಿಗುತ್ತವೆ. ಅವುಗಳನ್ನು ಹೋಲಿಸಿ ನೋಡುವಷ್ಟು ತಾಳ್ಮೆ ನಮಗಿದ್ದಿದ್ದರೆ ಒಂದಿಷ್ಟು ಹಣ ಉಳಿಯುತ್ತಿತ್ತು.

ದೂರುವಂಥ ಸಂಗತಿ ಟೋಲಿನದ್ದು. ಒಕ್ಲಹೋಮಾದ ಟೋಲ್ ರಸ್ತೆಗಳಲ್ಲಿ ಈಗ ನಗದು ಪಡೆಯುವವರು ಯಾರೂ ಇಲ್ಲ. ಕ್ಯಾಮೆರಾ ನಂಬರ್ ಪ್ಲೇಟನ್ನು ಹಿಡಿಯುತ್ತದೆ, ಬಿಲ್ಲು ಕಾರಿನ ಒಡೆಯರಿಗೆ, ಅಂದರೆ ಬಾಡಿಗೆ ಕಂಪನಿಗೆ ಹೋಗುತ್ತದೆ, ಕಂಪನಿ ಅದರ ಮೇಲೆ ತನ್ನ ಸೇವಾ ಶುಲ್ಕವನ್ನು ಹೇರಿ ನಮ್ಮ ಕಾರ್ಡಿನಿಂದ ಎಳೆದುಕೊಳ್ಳುತ್ತದೆ. ಟಲ್ಸಾದಿಂದ ಒಕ್ಲಹೋಮಾ ಸಿಟಿಗೆ ಹೋಗುವ ಸಂಜೆ ಮಳೆ ಜೋರಾಗಿದ್ದರಿಂದ ನಾವು ಟರ್ನರ್ ಟರ್ನ್‌ಪೈಕ್ ಎಂಬ ಟೋಲ್ ರಸ್ತೆ ಹಿಡಿದೆವು. ಹಿಂದಿರುಗಿ ಒಂದು ತಿಂಗಳಾದ ಮೇಲೆ 45 ಡಾಲರಿನ ಬಿಲ್ಲು ಬಂತು, ಅದರಲ್ಲಿ ನಿಜವಾದ ಟೋಲು ಒಂಬತ್ತು ಡಾಲರಿಗೂ ಕಡಿಮೆ. ಈ ಸೇವಾ ಶುಲ್ಕದ ವಿಚಾರವನ್ನು ಕೌಂಟರಿನಲ್ಲಿದ್ದವರು ಬಾಯಿಬಿಟ್ಟು ಹೇಳಲಿಲ್ಲ, ಕರಾರಿನ ಸಣ್ಣಕ್ಷರಗಳಲ್ಲಿ ಮಾತ್ರ ಇತ್ತು. ಗ್ರಾಹಕರನ್ನು ಗೌರವಿಸುವ ಸೇವೆ ಹೀಗಿರಬಾರದು ಎಂದು ನನಗೆ ಬಲವಾಗಿ ಅನ್ನಿಸಿತು. ನೋವಿನ ಇನ್ನೊಂದು ಮಗ್ಗುಲೆಂದರೆ, ಅದೇ ಎರಡು ನಗರಗಳ ನಡುವೆ ರಾಜ್ಯ ಹೆದ್ದಾರಿ 66 ಎಂಬ ಹೆಸರಿನಲ್ಲಿ ಹಳೆಯ ರಸ್ತೆ ಇಂದಿಗೂ ಬಿಟ್ಟಿಯಾಗಿ ಓಡುತ್ತದೆ. 1898ರಲ್ಲಿ ಕಟ್ಟಿದ ಆರ್ಕೇಡಿಯಾದ ದುಂಡು ಕಣಜ ಇರುವುದೂ ಅದೇ ದಾರಿಯಲ್ಲಿ. ನಾವು ಮರುದಿನ ಬೆಳಿಗ್ಗೆ ಒಕ್ಲಹೋಮಾ ಸಿಟಿಯಿಂದ ಹಿಂದಕ್ಕೆ ಬಂದು ಅದನ್ನು ನೋಡಿದೆವು.

ಕರಾರಿನಲ್ಲಿ ಓದಲೇಬೇಕಾದ ಇನ್ನೊಂದು ಸಾಲು, ಡಾಂಬರು ಕಾಣದ ರಸ್ತೆಯಲ್ಲಿ ಕಾರು ಓಡಿಸುವಂತಿಲ್ಲ ಎಂಬುದು. ರೂಟ್ 66ರಲ್ಲಿ ಇದಕ್ಕೆ ನೇರವಾದ ಅರ್ಥವಿದೆ. ಟೆಕ್ಸಸ್ ಮತ್ತು ನ್ಯೂ ಮೆಕ್ಸಿಕೊ ಗಡಿಯಲ್ಲಿ ಪಾಳುಬಿದ್ದಿರುವ ಗ್ಲೆನ್‌ರಿಯೊ ಊರಿನಿಂದ ಸ್ಯಾನ್ ಹೋನ್ ಕಡೆಗೆ ಹೋಗುವ ಹಳೆಯ ದಾರಿ ಇಂದು ಮಣ್ಣಿನದು. ಅಲ್ಲಿ ಚಕ್ರ ಹೂತರೆ ಅಥವಾ ಕಾರಿನ ಅಡಿಭಾಗಕ್ಕೆ ಪೆಟ್ಟಾದರೆ, ಹಣ ಕೊಟ್ಟು ಕೊಂಡ ವಿಮೆ ಕೆಲಸಕ್ಕೆ ಬರುವುದಿಲ್ಲ. ನಾವು ಗ್ಲೆನ್‌ರಿಯೊದ ಮುರಿದ ಮೋಟೆಲಿನ ಮುಂದೆ ಅರ್ಧ ಗಂಟೆ ನಿಂತು, ಮುಂದೆ ಹೋಗುವ ಆಸೆಯನ್ನು ಬಿಟ್ಟು ಅಂತರರಾಜ್ಯ ಹೆದ್ದಾರಿ 40ಕ್ಕೆ ಹಿಂದಿರುಗಿದೆವು.

ಇಷ್ಟೆಲ್ಲ ಹೇಳಿದ ಮೇಲೂ ಕಾರಿನ ಬಗ್ಗೆ ಒಳ್ಳೆಯ ಮಾತು ಆಡದಿದ್ದರೆ ತಪ್ಪಾಗುತ್ತದೆ. ಕಾರು ಶುಚಿಯಾಗಿತ್ತು, ಟೈರುಗಳು ಹೊಸವಾಗಿದ್ದವು, 3,100 ಮೈಲಿಗಳಲ್ಲಿ ಒಂದು ಸಲವೂ ಕೈಕೊಡಲಿಲ್ಲ. ಮೈಲಿಗಳಿಗೆ ಮಿತಿ ಇರಲಿಲ್ಲ, ಮತ್ತು ಅದನ್ನು ಕಾಯ್ದಿರಿಸುವ ಮುನ್ನ ಖಚಿತಪಡಿಸಿಕೊಂಡದ್ದು ನಾವು ಮಾಡಿದ ಜಾಣ ಕೆಲಸಗಳಲ್ಲಿ ಒಂದು. ಇನ್ನೊಂದು, ಷಿಕಾಗೊಗೆ ಇಳಿದ ದಿನ ಕಾರು ತೆಗೆದುಕೊಳ್ಳದೆ, ಎರಡು ದಿನ ರೈಲು ಮತ್ತು ಕಾಲ್ನಡಿಗೆಯಲ್ಲಿ ಊರು ನೋಡಿ, ಹೊರಡುವ ಬೆಳಿಗ್ಗೆ ನಗರದೊಳಗಿನ ಶಾಖೆಯಲ್ಲಿ ಪಡೆದದ್ದು. ಇದರಿಂದ ಎರಡು ದಿನದ ಬಾಡಿಗೆಯೂ, ನಗರದ ಹೋಟೆಲಿನಲ್ಲಿ ರಾತ್ರಿಗೆ ಹೇಳುವ ದುಬಾರಿ ಪಾರ್ಕಿಂಗ್ ಶುಲ್ಕವೂ, ವಿಮಾನ ನಿಲ್ದಾಣದ ಶಾಖೆಗಳು ವಿಧಿಸುವ ಹೆಚ್ಚುವರಿ ಶುಲ್ಕವೂ ಒಟ್ಟಿಗೆ ಉಳಿದವು. ಕೌಂಟರಿನಲ್ಲಿ ಪೆಟ್ರೋಲಿಗೆ ಮುಂಚಿತವಾಗಿಯೇ ಹಣ ಕಟ್ಟಿ ಎಂದು ಒತ್ತಾಯಿಸಿದರು. ಕಟ್ಟಬೇಡಿ. ಟ್ಯಾಂಕ್ ತುಂಬಿಸಿ ಹಿಂದಿರುಗಿಸುವುದೇ ಅಗ್ಗ.

ಪೆಟ್ರೋಲಿನ ಬಗ್ಗೆ ಹೊರಡುವ ಮುನ್ನ ಎಲ್ಲಕ್ಕಿಂತ ಹೆಚ್ಚು ಚಿಂತಿಸಿದ್ದೆವು, ಅದು ಎಲ್ಲಕ್ಕಿಂತ ಕಡಿಮೆ ಚಿಂತೆಗೆ ಯೋಗ್ಯವಾದ ಬಾಬತ್ತು. ಗ್ಯಾಲನ್ನಿಗೆ 31 ಮೈಲಿ ಕೊಟ್ಟ ಕಾರಿಗೆ 3,100 ಮೈಲಿಗೆ ಬೇಕಾದದ್ದು 100 ಗ್ಯಾಲನ್, ಅಂದರೆ 380 ಲೀಟರಿಗೂ ಸ್ವಲ್ಪ ಕಡಿಮೆ. ಗ್ಯಾಲನ್ನಿನ ಬೆಲೆ ಅರ್ಧ ಡಾಲರ್ ಏರಿದರೂ ಇಡೀ ಪ್ರವಾಸಕ್ಕೆ ಹೆಚ್ಚುವುದು 50 ಡಾಲರ್, ಅರ್ಧ ರಾತ್ರಿಯ ಕೊಠಡಿ ಬಾಡಿಗೆಯಷ್ಟು. ಕ್ಯಾಲಿಫೋರ್ನಿಯಾದಲ್ಲಿ ಮಾತ್ರ ಬೆಲೆ ಎದ್ದು ಕಾಣುವಷ್ಟು ಹೆಚ್ಚಿರುವುದರಿಂದ ಅರಿಜೋನಾದ ಕಿಂಗ್‌ಮನ್‌ನಲ್ಲೇ ಟ್ಯಾಂಕ್ ತುಂಬಿಸಿಕೊಳ್ಳಬೇಕು. ಗಡಿ ದಾಟಿದೊಡನೆ ಸಿಗುವ ನೀಡಲ್ಸ್‌ನಲ್ಲೂ ಮೊಹಾವಿ ಮರುಭೂಮಿಯ ನಡುವಿನ ಆಂಬಾಯ್‌ನಲ್ಲೂ ಪೆಟ್ರೋಲ್ ಬಲು ತುಟ್ಟಿ. ಇನ್ನೊಂದು ಕಿರಿಕಿರಿಯನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಬಂಕಿನ ಯಂತ್ರ ಕಾರ್ಡಿನೊಂದಿಗೆ ಅಮೆರಿಕದ ಅಂಚೆ ಸಂಖ್ಯೆಯನ್ನು ಕೇಳುತ್ತದೆ, ಹೊರದೇಶದ ಕಾರ್ಡಿಗೆ ಅದು ಇರುವುದಿಲ್ಲ. ಒಳಗೆ ಹೋಗಿ ಇಷ್ಟು ಡಾಲರಿನ ಪೆಟ್ರೋಲ್ ಎಂದು ಮೊದಲೇ ಹಣ ಕೊಟ್ಟರೆ ತೊಂದರೆಯಿಲ್ಲ.

ತಂಗುದಾಣಗಳೇ ಈ ಹೆದ್ದಾರಿಯ ಜೀವ, ಮತ್ತು ನಾನು ಮನಸ್ಸು ಬಿಚ್ಚಿ ಹೊಗಳಬೇಕೆಂದಿರುವ ಸೇವೆಯೂ ಅದೇ. ಹದಿನೈದು ರಾತ್ರಿಗಳಿಗೆ ತೆರಿಗೆ ಬಿಟ್ಟು 1,710 ಡಾಲರ್, ಸರಾಸರಿ ರಾತ್ರಿಗೆ 114 ಆಯಿತು. ಅಲ್ಲಿ ಫಲಕದಲ್ಲಿ ಕಾಣುವ ಬೆಲೆಗೆ ತೆರಿಗೆ ಸೇರಿರುವುದಿಲ್ಲ, ನಮಗೆ ಬಿದ್ದ ತೆರಿಗೆ ಸರಾಸರಿ ನೂರಕ್ಕೆ 13. ಇದನ್ನು ಅಂದಾಜಿನಲ್ಲಿ ಬರೆಯದೇ ಹೋದದ್ದರಿಂದ ಲೆಕ್ಕ 225 ಡಾಲರ್ ಮೀರಿತು. ಹತ್ತು ರಾತ್ರಿ ಅಗ್ಗದ ಸರಣಿ ಮೋಟೆಲುಗಳಲ್ಲಿ, ಅಂದರೆ ಒಂದೇ ಹೆಸರಿನಲ್ಲಿ ಊರೂರಿನಲ್ಲಿ ಇರುವಂಥವುಗಳಲ್ಲಿ ಉಳಿದು, ಐದು ರಾತ್ರಿಯನ್ನು ಮಾತ್ರ ಹಳೆಯ, ಕುಟುಂಬಗಳು ನಡೆಸುವ ಮೋಟೆಲುಗಳಿಗೆ ಮೀಸಲಿಟ್ಟಿದ್ದೆವು. ಈಗ ಮತ್ತೆ ಯೋಜಿಸಿದರೆ ಈ ಅನುಪಾತವನ್ನು ತಿರುಗಿಸಿ ಹಾಕುತ್ತೇನೆ.

ನ್ಯೂ ಮೆಕ್ಸಿಕೊದ ಟೂಕಮ್‌ಕ್ಯಾರಿಯಲ್ಲಿರುವ ಬ್ಲೂ ಸ್ವಾಲೊ ಮೋಟೆಲಿನಲ್ಲಿ ಇರುವುದು ಹನ್ನೆರಡೇ ಕೊಠಡಿಗಳು. ಪಕ್ಕದಲ್ಲೇ ಕಾರು ನಿಲ್ಲಿಸುವ ಪುಟ್ಟ ಗ್ಯಾರೇಜುಗಳಿವೆ, ಕಾರುಗಳು ಇಂದಿನಷ್ಟು ಅಗಲವಿಲ್ಲದ ಕಾಲದಲ್ಲಿ ಕಟ್ಟಿದವು. 1958ರಿಂದ ನಾಲ್ಕು ದಶಕಗಳ ಕಾಲ ಇದನ್ನು ನಡೆಸಿದ ಲಿಲಿಯನ್ ರೆಡ್‌ಮನ್ ಅವರು ಕೈಯಲ್ಲಿ ಕಾಸಿಲ್ಲದೆ ಬಂದ ಪ್ರಯಾಣಿಕರಿಂದ ಬದಲಿಗೆ ಏನಾದರೂ ವಸ್ತುವನ್ನು ಪಡೆದು, ಅಥವಾ ಏನನ್ನೂ ಪಡೆಯದೆ, ಕೊಠಡಿ ಕೊಡುತ್ತಿದ್ದರು. ಸಂಜೆ ನಿಯಾನ್ ಹಕ್ಕಿಯ ದೀಪ ಹೊತ್ತಿಕೊಂಡಾಗ ಅತಿಥಿಗಳೆಲ್ಲರೂ ತಮ್ಮ ತಮ್ಮ ಬಾಗಿಲ ಮುಂದಿನ ಕುರ್ಚಿಗಳಲ್ಲಿ ಕುಳಿತು ಮಾತಿಗಿಳಿದರು. ಮುಂದಿನ ಮೂರು ದಿನಗಳಲ್ಲಿ ಎಲ್ಲಿ ಊಟ ಅಗ್ಗ, ಯಾವ ರಸ್ತೆ ಕೆಟ್ಟಿದೆ ಎಂಬುದನ್ನೆಲ್ಲ ನಾವು ತಿಳಿದದ್ದು ಆ ಹರಟೆಯಲ್ಲಿ. ಸರಣಿ ಮೋಟೆಲಿಗಿಂತ ಸುಮಾರು 40 ಡಾಲರ್ ಹೆಚ್ಚು ಕೊಟ್ಟೆವು. ಆ ಹಣದಲ್ಲಿ ಒಂದು ಸೆಂಟಿಗೂ ನನಗೆ ಕೊರಗಿಲ್ಲ.

ಅರಿಜೋನಾದ ಹೋಲ್‌ಬ್ರೂಕ್‌ನ ವಿಗ್ವಾಮ್ ಮೋಟೆಲು ಮಗಳ ಪಾಲಿಗೆ ಇಡೀ ಪ್ರವಾಸದ ತಲೆಮಣಿ. 1950ರಲ್ಲಿ ಚೆಸ್ಟರ್ ಲೂಯಿಸ್ ಎಂಬವರು ಕಟ್ಟಿದ, ಡೇರೆಯ ಆಕಾರದ ಹದಿನೈದು ಕಾಂಕ್ರೀಟ್ ಗುಡಿಸಲುಗಳು ಇಲ್ಲಿ ನಿಂತಿವೆ, ಪ್ರತಿಯೊಂದರ ಆಸುಪಾಸಿನಲ್ಲೂ ಹಳೆಯ ಕಾರುಗಳಿವೆ. ಹೆದ್ದಾರಿ ಊರನ್ನು ಬಿಟ್ಟು ಪಕ್ಕಕ್ಕೆ ಸರಿದ ಮೇಲೆ 1974ರಲ್ಲಿ ಮುಚ್ಚಿದ್ದ ಇದನ್ನು ಅವರ ಮಕ್ಕಳು 1988ರಲ್ಲಿ ಮತ್ತೆ ತೆರೆದರು. ಒಳಗೆ ಗೋಡೆಗಳು ಇಳಿಜಾರು, ಜಾಗ ಕಿರಿದು, ಎರಡು ಮಂಚ, ಒಂದು ಸ್ನಾನದ ಮನೆ. ದೊಡ್ಡ ಪೆಟ್ಟಿಗೆಗಳನ್ನು ಕಾರಿನಲ್ಲೇ ಬಿಟ್ಟು ಒಂದು ರಾತ್ರಿಯ ಬಟ್ಟೆಯಷ್ಟನ್ನೇ ಒಯ್ಯುವುದು ಒಳ್ಳೆಯದು. ಇಂಥ ಕಡೆಗಳಲ್ಲಿ ಕೊಠಡಿಗಳು ಬೆರಳೆಣಿಕೆಯಷ್ಟಿರುವುದರಿಂದ ತಿಂಗಳುಗಟ್ಟಲೆ ಮುಂಚೆ ಕಾಯ್ದಿರಿಸಬೇಕು, ಶತಮಾನೋತ್ಸವದ ವರ್ಷದಲ್ಲಂತೂ ಕೊನೆಗಳಿಗೆಯ ರಿಯಾಯಿತಿಗೆ ಕಾದರೆ ಕೊಠಡಿಯೇ ಸಿಗಲಾರದು.

ಎಲ್ಲ ಹಳೆಯ ಮೋಟೆಲುಗಳೂ ಹೀಗಿರುವುದಿಲ್ಲ ಎಂಬುದನ್ನೂ ಹೇಳಬೇಕು. ಮಿಸ್ಸೂರಿಯ ಒಂದೆಡೆ ಹಳೆಯ ಫಲಕದ ಅಂದಕ್ಕೆ ಮರುಳಾಗಿ, ಮೊದಲು ಕೊಠಡಿಯನ್ನು ನೋಡದೆ ಹಣ ಕೊಟ್ಟೆವು. ಹಾಸಿಗೆ ತೇವವಾಗಿತ್ತು, ಬಾಗಿಲಿನ ಚಿಲಕ ಸರಿಯಿರಲಿಲ್ಲ. ಹಣ ವಾಪಸು ಕೊಡಲು ಅವರು ಒಪ್ಪಲಿಲ್ಲ. ಅಂದಿನಿಂದ ಕೊಠಡಿಯನ್ನು ತೋರಿಸಿ ಎಂದು ಕೇಳುವುದನ್ನು ರೂಢಿ ಮಾಡಿಕೊಂಡೆವು. ಒಳ್ಳೆಯ ಮೋಟೆಲಿನವರು ಯಾರೂ ಅದಕ್ಕೆ ಬೇಸರಪಟ್ಟುಕೊಳ್ಳಲಿಲ್ಲ.

ಊಟಕ್ಕೆ ದಿನಕ್ಕೆ ಮೂವರಿಗೂ ಸೇರಿ 75 ಡಾಲರ್ ಇಟ್ಟುಕೊಂಡಿದ್ದೆವು, ಸಾಕಾಯಿತು. ನಾವು ಸಸ್ಯಾಹಾರಿಗಳು. ಟೆಕ್ಸಸ್‌ನ ಅಮರಿಲ್ಲೊದ ಬಿಗ್ ಟೆಕ್ಸನ್ ಎಂಬ ಹೋಟೆಲಿನಲ್ಲಿ 72 ಔನ್ಸಿನ ಮಾಂಸದ ಊಟವನ್ನು ಒಂದು ಗಂಟೆಯೊಳಗೆ ತಿಂದು ಮುಗಿಸಿದರೆ ಬಿಟ್ಟಿ ಎಂಬ ಪ್ರಸಿದ್ಧ ಪಂಥವನ್ನು ದೂರದಿಂದ ನೋಡಿದ್ದಷ್ಟೇ. ಥರ್ಮೋಕೋಲಿನ ಪೆಟ್ಟಿಗೆಯೊಂದನ್ನು ಕೊಂಡು ಮೋಟೆಲಿನ ಐಸ್ ತುಂಬಿ, ದಿನಸಿ ಅಂಗಡಿಯ ಬ್ರೆಡ್ಡು, ಹಣ್ಣು, ಮೊಸರಿನಲ್ಲಿ ಮಧ್ಯಾಹ್ನವನ್ನು ಕಳೆದು, ರಾತ್ರಿ ಮಾತ್ರ ಹೋಟೆಲಿನಲ್ಲಿ ಕುಳಿತು ಉಂಡೆವು. ನ್ಯೂ ಮೆಕ್ಸಿಕೊದಲ್ಲಿ ಹುರುಳಿ ಜಾತಿಯ ಕಾಳು, ಹಸಿರು ಮೆಣಸಿನಕಾಯಿ, ಜೋಳದ ರೊಟ್ಟಿ ಸಿಕ್ಕಿದ್ದರಿಂದ ಅಲ್ಲಿ ನಮಗೆ ಯಾವ ಕಷ್ಟವೂ ಆಗಲಿಲ್ಲ. ಪಟ್ಟಿಯಲ್ಲಿ ಕಾಣುವ ಬೆಲೆಗೆ ತೆರಿಗೆಯನ್ನೂ, ಬಡಿಸಿದವರಿಗೆ ನೂರಕ್ಕೆ 15ರಿಂದ 20ರಷ್ಟು ಟಿಪ್ಸನ್ನೂ ಸೇರಿಸಿಯೇ ಊಟದ ಬೆಲೆಯನ್ನು ಎಣಿಸಬೇಕು. ಅಲ್ಲಿ ಬಡಿಸುವವರ ಸಂಪಾದನೆಯ ದೊಡ್ಡ ಪಾಲು ಟಿಪ್ಸಿನಿಂದಲೇ ಬರುವುದರಿಂದ ಉಳಿತಾಯಕ್ಕೆ ಅದನ್ನು ಕತ್ತರಿಸುವುದು ಸರಿಯಲ್ಲ.

ನೋಡುವ ಜಾಗಗಳ ವಿಷಯದಲ್ಲಿ ರೂಟ್ 66 ಬಹಳ ಉದಾರಿ. ಮಿಸಿಸಿಪ್ಪಿ ನದಿಯ ಮೇಲೆ ನಟ್ಟನಡುವೆ ಬಾಗಿ ನಿಂತಿರುವ, 1929ರಲ್ಲಿ ತೆರೆದು ಈಗ ನಡೆಯುವವರಿಗೆ ಮತ್ತು ಸೈಕಲ್ಲಿನವರಿಗೆ ಮಾತ್ರ ಮೀಸಲಾಗಿರುವ ಚೈನ್ ಆಫ್ ರಾಕ್ಸ್ ಸೇತುವೆ, ಸೇಂಟ್ ಲೂಯಿಸ್‌ನ ಗೇಟ್‌ವೇ ಕಮಾನಿನ ಕೆಳಗಿನ ಮ್ಯೂಸಿಯಂ, ಒಕ್ಲಹೋಮಾದ ಕಟೂಸಾದಲ್ಲಿರುವ ನೀಲಿ ತಿಮಿಂಗಿಲದ ದೊಡ್ಡ ಪ್ರತಿಮೆ, ಅಮರಿಲ್ಲೊದ ಬಳಿ 1974ರಿಂದ ಹತ್ತು ಕ್ಯಾಡಿಲಾಕ್ ಕಾರುಗಳು ಮೂಗನ್ನು ಮಣ್ಣಿಗೆ ಊರಿ ನಿಂತಿರುವ ಹೊಲ, ಓಟ್‌ಮನ್‌ನ ಬೀದಿಯಲ್ಲಿ ಅಡ್ಡಾಡುವ ಕತ್ತೆಗಳು, ಇವ್ಯಾವುದಕ್ಕೂ ಟಿಕೆಟ್ ಇಲ್ಲ. ಅರಿಜೋನಾದ ಸೆಲಿಗ್‌ಮನ್‌ನಿಂದ ಟೊಪೊಕ್‌ವರೆಗಿನ ಸುಮಾರು 158 ಮೈಲಿ ಹಳೆಯ ರಸ್ತೆ ಹರಿಯದೆ ಉಳಿದಿರುವ ಅತಿ ಉದ್ದದ ತುಂಡು. ಹೊಸ ಹೆದ್ದಾರಿ ಬಂದು ಊರು ಬರಿದಾದಾಗ ಸೆಲಿಗ್‌ಮನ್‌ನ ಕ್ಷೌರಿಕ ಏಂಜೆಲ್ ಡೆಲ್ಗಡಿಯೊ ಅವರು ಅಕ್ಕಪಕ್ಕದವರನ್ನು ಕೂಡಿಸಿ ಸಂಘ ಕಟ್ಟಿದರು, ಅವರ ಪ್ರಯತ್ನದಿಂದ 1987ರಲ್ಲಿ ರಾಜ್ಯ ಸರಕಾರ ಈ ರಸ್ತೆಯನ್ನು ಐತಿಹಾಸಿಕವೆಂದು ಸಾರಿತು. ಅಂಥ ಊರಿನಲ್ಲಿ ಏನನ್ನೂ ಕೊಳ್ಳದೆ ಫೋಟೊ ತೆಗೆದುಕೊಂಡು ಹೊರಟುಬಿಡಲು ನನಗೆ ಮನಸ್ಸಾಗಲಿಲ್ಲ. ಅಂದಾಜಿನಲ್ಲಿ ದಿನಕ್ಕೆ ಹತ್ತು ಡಾಲರನ್ನು ಇಂಥ ಅಂಗಡಿಗಳಿಗೆಂದು ತೆಗೆದಿರಿಸಿದ್ದು ನನ್ನ ಪತಿಯವರ ಸಲಹೆ, ಒಳ್ಳೆಯ ಸಲಹೆ.

ಹಣ ಕೇಳುವ ಎರಡು ದೊಡ್ಡ ಜಾಗಗಳೆಂದರೆ ರಾಷ್ಟ್ರೀಯ ಉದ್ಯಾನಗಳು. ಪೆಟ್ರಿಫೈಡ್ ಫಾರೆಸ್ಟ್ ಉದ್ಯಾನದೊಳಗೇ ಹಳೆಯ ರೂಟ್ 66ರ ಗುರುತು ಉಳಿದಿದ್ದು, ಅಲ್ಲಿ 1932ರ ಸ್ಟೂಡಿಬೇಕರ್ ಕಾರೊಂದು ಮರುಭೂಮಿಯಲ್ಲಿ ನಿಂತಿದೆ. ವಿಲಿಯಮ್ಸ್ ಪಟ್ಟಣದಿಂದ ಸುಮಾರು 60 ಮೈಲಿ ಉತ್ತರಕ್ಕೆ ಗ್ರ್ಯಾಂಡ್ ಕ್ಯಾನಿಯನ್. 2026ರ ಜನವರಿ 1ರಿಂದ ಹೊರದೇಶದವರಿಗೆ ನಿಯಮ ಬದಲಾಗಿದೆ. ಗ್ರ್ಯಾಂಡ್ ಕ್ಯಾನಿಯನ್ ಸೇರಿ ಹನ್ನೊಂದು ಉದ್ಯಾನಗಳಲ್ಲಿ ವಾಹನದ 35 ಡಾಲರಿನ ಮಾಮೂಲು ಶುಲ್ಕವಲ್ಲದೆ, 16 ವರ್ಷ ತುಂಬಿದ ಪ್ರತಿಯೊಬ್ಬರಿಗೂ 100 ಡಾಲರ್ ಕೊಡಬೇಕು. ನಮ್ಮಿಬ್ಬರಿಗೆ 200, ವಾಹನಕ್ಕೆ 35, ಪೆಟ್ರಿಫೈಡ್ ಫಾರೆಸ್ಟ್‌ಗೆ ಬೇರೆ 25, ಒಟ್ಟು 260 ಆಗುತ್ತಿತ್ತು. ಹೊರದೇಶದವರ ವಾರ್ಷಿಕ ಪಾಸು 250. ಹಾಗಾಗಿ ಪಾಸನ್ನೇ ಕೊಂಡೆವು. ಗ್ರ್ಯಾಂಡ್ ಕ್ಯಾನಿಯನ್ ಬೇಡವೆನ್ನುವವರಿಗೆ ಈ ಪಾಸಿನ ಅಗತ್ಯವೇ ಇಲ್ಲ, ಪೆಟ್ರಿಫೈಡ್ ಫಾರೆಸ್ಟ್ ಆ ಹನ್ನೊಂದರ ಪಟ್ಟಿಯಲ್ಲಿಲ್ಲ.

ದಿನಗಳನ್ನು ಕಡಿಮೆ ಮಾಡಿದರೆ ಹಣ ಉಳಿಯುವುದಲ್ಲವೇ ಎಂದು ಕೆಲವರು ಕೇಳಿದರು. ಹತ್ತು ದಿನದಲ್ಲಿ ಮುಗಿಸುವವರೂ ಇದ್ದಾರೆ. ಆದರೆ ಕಾರನ್ನು ಬೇರೆ ಊರಿನಲ್ಲಿ ಬಿಡುವ 500 ಡಾಲರ್, ಉದ್ಯಾನದ ಪಾಸು, ವಿಮಾನದ ಟಿಕೆಟ್ ಇವು ಹತ್ತು ದಿನಕ್ಕೂ ಅಷ್ಟೇ, ಹದಿನಾರಕ್ಕೂ ಅಷ್ಟೇ. ಅಲ್ಲದೆ ದಿನಕ್ಕೆ 300 ಮೈಲಿ ಓಡಬೇಕಾದವರು ಬೇಸತ್ತು ಅಂತರರಾಜ್ಯ ಹೆದ್ದಾರಿಗೆ ಏರಿಬಿಡುತ್ತಾರೆ. ಹಳೆಯ ರಸ್ತೆಯನ್ನು ನೋಡಲೆಂದು ಅಷ್ಟು ದೂರ ಹೋಗಿ ಅದನ್ನು ಕಿಟಕಿಯಾಚೆಗೆ ಬಿಟ್ಟು ಓಡುವುದಕ್ಕಿಂತ ದುಬಾರಿಯಾದ ಉಳಿತಾಯ ಬೇರೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ದಿನಗಳು ನಿಜಕ್ಕೂ ಕಡಿಮೆಯಿದ್ದರೆ, ಅಲ್ಬುಕರ್ಕಿಯಲ್ಲಿ ಕಾರು ಪಡೆದು ಪಶ್ಚಿಮದ ಅರ್ಧವನ್ನಷ್ಟೇ ನಿಧಾನವಾಗಿ ನೋಡುವುದು ಮೇಲು.

ಸ್ಯಾಂಟಾ ಮೋನಿಕಾದಲ್ಲಿ ಕಡಲ ಕಟ್ಟೆಯ ಮೇಲೆ ದಾರಿ ಮುಗಿಯಿತೆಂಬ ಫಲಕವಿದೆ. ಅಧಿಕೃತವಾಗಿ ಹೆದ್ದಾರಿ ಮುಗಿಯುತ್ತಿದ್ದುದು ಅಲ್ಲಿಂದ ಸ್ವಲ್ಪ ಒಳಗೆ, ಲಿಂಕನ್ ಮತ್ತು ಒಲಿಂಪಿಕ್ ರಸ್ತೆಗಳು ಕೂಡುವಲ್ಲಿ. ಕಡಲ ಪಕ್ಕದ ಕೊಠಡಿಗಳ ಬೆಲೆ ನಮ್ಮ ಸರಾಸರಿಯ ಎರಡು ಪಟ್ಟಿಗೂ ಮೇಲಿದ್ದುದರಿಂದ ಅಲ್ಲಿ ಉಳಿಯುವ ಯೋಚನೆಯನ್ನು ಮೊದಲೇ ಕೈಬಿಟ್ಟಿದ್ದೆವು. ಟ್ಯಾಂಕ್ ತುಂಬಿಸಿ, ಬಂಕಿನ ರಸೀದಿಯನ್ನು ಇಟ್ಟುಕೊಂಡು, ಕಾರಿನ ನಾಲ್ಕೂ ಬದಿಯ ಮತ್ತು ಮೈಲಿ ಮೀಟರಿನ ಫೋಟೊ ತೆಗೆದು, ಅದೇ ಊರಿನ ಶಾಖೆಯಲ್ಲಿ ಕಾರು ಒಪ್ಪಿಸಿದೆವು. ಅಲ್ಲಿದ್ದ ಹುಡುಗಿ ಐದೇ ನಿಮಿಷದಲ್ಲಿ ಪರೀಕ್ಷಿಸಿ, ಯಾವ ಕೊಂಕೂ ತೆಗೆಯದೆ ರಸೀದಿ ಕೊಟ್ಟಳು. ಅಲ್ಲಿಂದ ಲಾಸ್ ಏಂಜಲೀಸ್ ನಗರದೊಳಕ್ಕೆ ಮೆಟ್ರೊ ರೈಲಿನ ಇ ಮಾರ್ಗ ಹೋಗುತ್ತದೆ. ತಲೆಗೆ 1 ಡಾಲರ್ 75 ಸೆಂಟಿನಂತೆ ಮೂವರಿಗೆ 5 ಡಾಲರ್ 25 ಸೆಂಟು ಎಂದು ಮಗಳು ಲೆಕ್ಕದ ಪುಸ್ತಕದ ಕೊನೆಯ ಸಾಲಿನಲ್ಲಿ ಬರೆದಿದ್ದಾಳೆ.